ಮೈಕ್ ಇಲ್ಲದ ದೃಶ್ಯ

ಜೂನ್ 11, 1951

ಮಿಸೆಸ್ ಲೈಲ್ ಹೋಬರ್ಟ್. ಮಿಸೆಸ್ ಕೊರಿನ್ ಹೋಬರ್ಟ್. ಇನ್ನೊಂದು ಸಲ, ಮಿಸೆಸ್ ಲೈಲ್ ಹೋಬರ್ಟ್!

ಹೀಗೇ ಬರೆಯುತ್ತ ಹೋದರೆ ಪುಟವೆಲ್ಲ ನನ್ನ ಹೊಸ ಹೆಸರೇ ಆಗಿಬಿಡುತ್ತದೆ. ಆಗಲಿ! ನಾನು ಎಷ್ಟು ಸುಖವಾಗಿದ್ದೇನೆ ಎಂದರೆ ಇವತ್ತು ಬೆಳಿಗ್ಗೆ ಮೊಟ್ಟೆ ಕರಿಯುತ್ತ ನಿಂತವಳು ಅತ್ತೇಬಿಟ್ಟೆ. ಲೈಲ್ ಸ್ನಾನದ ಕೋಣೆಯಿಂದ ಓಡಿಬಂದು, "ಏನಾಯ್ತೇ?" ಎಂದ.

"ಏನಿಲ್ಲ. ಖುಷಿ" ಎಂದೆ.

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತ ನಿಂತ. ಆಮೇಲೆ, "ಮೊಟ್ಟೆ ಸೀದು ಹೋಗ್ತಿದೆ" ಎಂದ. ಅಯ್ಯೋ ನನ್ನ ಲೈಲ್! ಪ್ರೀತಿ ಉಕ್ಕಿದಾಗಲೆಲ್ಲ ಅವನಿಗೆ ಮಾತೇ ಹೊರಡುವುದಿಲ್ಲ.

ಪರಿಚಯವಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಸ್ಟುಡಿಯೊದ ಊಟದ ಮನೆಯಲ್ಲಿ ನನ್ನ ಕೈಯಿಂದ ತಟ್ಟೆ ಜಾರಿತು, ಅವನು ಅದನ್ನು ಮಂಡಿಯ ಮೇಲೆ ಹಿಡಿದ. ನೃತ್ಯಗಾರನಲ್ಲವೇ! ಮೇ ತಿಂಗಳ ಕೊನೆಯ ಶನಿವಾರ ಸ್ನೇಹಿತರೆಲ್ಲ ಸೇರಿದ್ದ ಕಡೆ ನಾನು ತಮಾಷೆಗೆ, "ಗಡಿಯಾಚೆ ಯೂಮಾ ಊರಿಗೆ ಹೋದರೆ ಅರ್ಧ ಗಂಟೆಯಲ್ಲಿ ಮದುವೆ ಮಾಡ್ತಾರಂತೆ" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಲೈಲ್ ನಗುತ್ತ ಕಾರಿನ ಕೀಲಿ ತೆಗೆದ. ಅಷ್ಟೇ! ಕಥೆಗಳಲ್ಲಿಯೂ ಹೀಗಾಗುವುದಿಲ್ಲ.

ನಮ್ಮದು ಕಲ್ವರ್ ಸಿಟಿಯಲ್ಲಿ ಒಂದೇ ಕೋಣೆಯ ಮನೆ. ಮಂಚವನ್ನು ಗೋಡೆಯೊಳಗೆ ಎತ್ತಿ ಮುಚ್ಚಿಡಬೇಕು. ರಾತ್ರಿ ಲೈಲ್ ಗೋಡೆಯ ಕಡೆ ತಿರುಗಿ ಮಲಗುತ್ತಾನೆ, ಪಾಪ, ದಿನವಿಡೀ ಕುಣಿದು ಬೆನ್ನು ನೋಯುತ್ತಿರುತ್ತದೆ. ನಾನು ಅವನ ಬೆನ್ನಿಗೇ ಎಲ್ಲ ಸುದ್ದಿ ಹೇಳುತ್ತೇನೆ.

ಜೂನ್ 24

ಪೊಮೋನಾಕ್ಕೆ ಅಮ್ಮನ ಮನೆಗೆ ಹೋಗಿದ್ದೆವು. ಅಮ್ಮ ಅಳಿಯನನ್ನು ನೋಡಿದ್ದು ಇದೇ ಮೊದಲು. ಕೋಳಿ, ಜೋಳದ ಪುಡಿಂಗ್, ಏಪ್ರಿಕಾಟ್ ಕಡುಬು, ಮೇಜಿನ ಮೇಲೆ ಕೈಯಿಡಲು ಜಾಗವಿರಲಿಲ್ಲ.

ಲೈಲ್ ಅಮ್ಮನ ಎದುರು ನಿಂತು, ಗುಡ್ಡದಾಚೆ ಇರುವವರನ್ನು ಕರೆಯುವ ಹಾಗೆ, "ಊಟ! ತುಂಬಾ! ಚೆನ್ನಾಗಿದೆ!" ಎಂದು ಕೂಗಿದ. ಅಮ್ಮ ನನ್ನ ಕಡೆ ತಿರುಗಿ ಕೈಸನ್ನೆಯಲ್ಲಿ, "ಇವನಿಗೆ ಹೇಳು, ಕಿವುಡು ನನಗೆ, ಪಕ್ಕದ ಮನೆಯವರಿಗಲ್ಲ" ಎಂದಳು. ಆಮೇಲೆ ತನ್ನ ಮಾತಿಗೆ ತಾನೇ ನಕ್ಕಳು. ಅಮ್ಮನ ನಗು ಅವಳಿಗೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ಅಂಕೆಯಿಲ್ಲ. ಲೈಲ್ ಬೆಚ್ಚಿದ. ನನಗೆ ಮುಖ ಬಿಸಿಯಾಯಿತು. ಅಮ್ಮ ಶಾಲೆಯ ಹಬ್ಬಕ್ಕೆ ಬಂದ ದಿನಗಳಲ್ಲೂ ಹೀಗೇ ಆಗುತ್ತಿತ್ತು. ಕಿವುಡಿಯ ಮಗಳು ನಾಲ್ಕು ಜನರ ಹಾಗೆ ಮಾತು ಕಲಿಯಲಿ ಎಂದು ದೊಡ್ಡಮ್ಮ ನನ್ನನ್ನು ಪಾಸಡೀನಾದ ದೊಡ್ಡ ಹಾಸ್ಟೆಲ್ ಶಾಲೆಗೆ ಸೇರಿಸಿದ್ದಳು. ಕಲಿತೆ ನೋಡು, ಈಗ ನಿಲ್ಲಿಸುವುದೇ ಕಷ್ಟ!

ನಮ್ಮ ಸ್ಟುಡಿಯೊದ ಹೊಸ ಚಿತ್ರ ಮೂಕಿ ಚಿತ್ರಗಳ ಕಾಲದ ಬಗ್ಗೆ, ಹಾಡು, ಕುಣಿತ, ನಗು ಎಲ್ಲ ಇರುವಂಥದ್ದು ಎಂದು ಹೇಳಿದಾಗ ಅಮ್ಮನ ಕಣ್ಣು ಅರಳಿತು. ಆ ಕಾಲದಲ್ಲಿ ಅವಳೂ ಅಪ್ಪನೂ ಒಂದು ವಾರವೂ ಚಿತ್ರ ತಪ್ಪಿಸುತ್ತಿರಲಿಲ್ಲವಂತೆ. "ಥಿಯೇಟರಿನಲ್ಲಿ ಕೂತ ಎಲ್ಲರೂ ನನ್ನ ಹಾಗೆಯೇ ಇದ್ದರು" ಎಂದಳು. "ಅಲ್ಲ, ನಾನು ಒಂದು ಕೈ ಮೇಲು. ತೆರೆಯ ಮೇಲೆ ನಾಯಕ ಮಂಡಿಯೂರಿ ಪ್ರೀತಿ ನಿವೇದಿಸುತ್ತಿದ್ದರೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ತುಟಿ ಮಾತ್ರ ಆ ಹುಡುಗಿಗೆ, ನನ್ನ ಕಾಲು ತುಳಿಯಬೇಡ ದನವೇ ಅನ್ನುತ್ತಿತ್ತು!" ಮಾತಿನ ಚಿತ್ರಗಳು ಬಂದ ಮೇಲೆ ಅಮ್ಮ ಥಿಯೇಟರಿಗೆ ಹೋಗುವುದನ್ನು ಬಿಟ್ಟಳು. ಈ ಚಿತ್ರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟೆ.

ಹಿಂದಿರುಗುವಾಗ ಕಾರಿನಲ್ಲಿ ಲೈಲ್, "ನಿಮ್ಮಮ್ಮ ಹಾಗೆ ತುಟಿ ನೋಡಿ ಎಲ್ಲಾ ತಿಳ್ಕೊಳ್ತಾರಲ್ಲ, ನಿನಗೂ ಬರುತ್ತಾ?" ಎಂದು ಕೇಳಿದ. "ಛೇ, ನನಗೆಲ್ಲಿ!" ಎಂದುಬಿಟ್ಟೆ. ನನಗೆ ಈ ವಿದ್ಯೆ ಬರುತ್ತದೆಂದು ಶಾಲೆಯಲ್ಲಿ ಗೊತ್ತಾದ ದಿನದಿಂದ ಹುಡುಗಿಯರು ನನ್ನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಗಂಡನೂ ಹಾಗೆ ಮಾಡಿದರೆ ನಾನು ಸತ್ತೇಹೋಗುತ್ತೇನೆ.

ಜುಲೈ 30

ಲೈಲ್‌ಗೆ ಪಾತ್ರ ಸಿಕ್ಕಿದೆ! ಸಾಲಿನಲ್ಲಿ ಕುಣಿಯುವ ಇಪ್ಪತ್ತು ಜನರಲ್ಲಿ ಒಬ್ಬನಲ್ಲ, ಪಾತ್ರ! ನಮ್ಮ ಚಿತ್ರದೊಳಗೇ ಒಂದು ಹಳೆಯ ಮೂಕಿ ಚಿತ್ರದ ತುಣುಕು ಬರುತ್ತದೆ, ಅದರಲ್ಲಿ ಮರುಭೂಮಿಯ ರಾಜಕುಮಾರ ಅವನೇ. ಡೇರೆಯಲ್ಲಿ ಕೂತು ನಾಯಕಿಯ ಕೈ ಹಿಡಿದು ಪ್ರೀತಿ ಹೇಳಬೇಕು. ಆ ತುಣುಕಿನ ನಾಯಕಿ ಅವನ ಜೊತೆ ಕುಣಿಯುವ ವರ್ನಾ. ಎರಡು ಸಲ ವಿಚ್ಛೇದನವಾದವಳು, ಬಾಯಿ ಬಿಟ್ಟರೆ ಚಟಾಕಿ.

ಇವತ್ತೇ ಅದರ ಶೂಟಿಂಗ್ ಕೂಡ ಆಯಿತು. ಸಂಜೆ ಅವನು ಮನೆಗೆ ಬಂದಾಗ ಕಣ್ಣಿನ ಕಾಡಿಗೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಕೈಯಲ್ಲಿ ನನಗಾಗಿ ಪೀಚ್ ಹಣ್ಣಿನ ಪೈ! ತಾನಾಗಿಯೇ ತಂದದ್ದು!

"ಮಜಾ ಇತ್ತು ಕೊರಿ" ಎಂದ. "ಮೂಕಿ ದೃಶ್ಯ ಅಲ್ವಾ, ಮೈಕೇ ಇಲ್ಲ. ಡೈರೆಕ್ಟರ್ ಗ್ಯಾರಿಟಿ ತುತ್ತೂರಿ ಹಿಡ್ಕೊಂಡು, ಮಾತಾಡ್ರೋ, ಬಾಯಿಗೆ ಬಂದದ್ದು ಮಾತಾಡಿ, ಮುಖದಲ್ಲಿ ಪ್ರೀತಿ ಇದ್ರೆ ಸಾಕು ಅಂತ ಕೂಗ್ತಿದ್ದ."

"ನೀನು ಏನು ಮಾತಾಡಿದೆ?"

"ಏನೇನೋ. ಕೆಲಸಕ್ಕೆ ಬಾರದ್ದು." ಪೈ ಕತ್ತರಿಸಿ ನನಗೇ ದೊಡ್ಡ ತುಂಡು ಹಾಕಿದ. ಏನೋ ಭಾರ ಇಳಿಸಿ ಬಂದವನ ಹಾಗೆ ಹಗುರಾಗಿದ್ದ. ಮದುವೆಯಾದ ಮೇಲೆ ಇಷ್ಟು ಒಳ್ಳೆಯ ಸಂಜೆ ಇದೇ ಮೊದಲು. ಅಲ್ಲ ಅಲ್ಲ, ಎಲ್ಲ ಸಂಜೆಯೂ ಒಳ್ಳೆಯದೇ, ಇದು ಇನ್ನೂ ಒಳ್ಳೆಯದು.

ನಾಳೆ ಆ ಫಿಲ್ಮು ನನ್ನ ಮೇಜಿಗೇ ಬರುತ್ತದೆ! ಸಂಕಲನದ ಕೋಣೆಯಲ್ಲಿ ಮಿಸೆಸ್ ಕ್ರೌಸ್ ಕತ್ತರಿಸಿ ಗುರುತು ಹಾಕಿದ್ದನ್ನು ಅಂಟಿಸುವುದು ನನ್ನ ಕೆಲಸ. ನನ್ನ ಗಂಡನ ಮೊದಲ ಕ್ಲೋಸಪ್ ನನ್ನ ಕೈಯಲ್ಲೇ ಜೋಡಣೆಯಾಗಬೇಕು. ಇಂಥ ಭಾಗ್ಯ ಯಾವ ಹೆಂಡತಿಗಿದೆ?

ಜುಲೈ 31

ಫಿಲ್ಮ್ ನೋಡುವ ಯಂತ್ರ ಹೊಲಿಗೆ ಯಂತ್ರದ ಹಾಗೆಯೇ, ಕಾಲಲ್ಲಿ ಒತ್ತಿದರೆ ಓಡುತ್ತದೆ. ಅಂಗೈಯಗಲದ ಗಾಜಿನಲ್ಲಿ ಲೈಲ್‌ನ ಮುಖ. ವರ್ನಾ ಕ್ಯಾಮೆರಾಗೆ ಬೆನ್ನು ಹಾಕಿ ಕೂತಿದ್ದಾಳೆ, ಅವಳ ಮಾತು ಕಾಣುವುದಿಲ್ಲ. ಇವನದು ಮಾತ್ರ.

ಮೊದಲ ಟೇಕಿನಲ್ಲಿ ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, "ಈ ಮುಂಡಾಸಿನಲ್ಲಿ ಯಾವುದೋ ಹುಳ ಇದೆ" ಅನ್ನುತ್ತಾನೆ. ನಾನು ನಕ್ಕ ರಭಸಕ್ಕೆ ಮಿಸೆಸ್ ಕ್ರೌಸ್ ಕನ್ನಡಕ ಏರಿಸಿ ನೋಡಿದರು. ಎರಡನೆಯದರಲ್ಲಿ ಮಧ್ಯಾಹ್ನದ ಸ್ಯಾಂಡ್‌ವಿಚ್ಚಿನ ವಿಚಾರ. ಮೂರನೆಯದರಲ್ಲಿ ವರ್ನಾ ಏನೋ ಕೇಳಿರಬೇಕು. "ಸಂಸಾರಾನಾ? ನಡೀತಿದೆ" ಎಂದು ತಡವರಿಸಿ, ಕಟ್ ಆಗಿದೆ.

ನಾಲ್ಕನೆಯದು.

"ತಪ್ಪು ಮಾಡ್ಬಿಟ್ಟೆ ವರ್ನಾ. ಅವತ್ತು ಎಲ್ಲರೂ ಚಪ್ಪಾಳೆ ಹೊಡೆದ್ರು, ಇಲ್ಲ ಅನ್ನೋಕಾಗ್ಲಿಲ್ಲ. ಒಳ್ಳೆಯವಳು ಅವಳು. ನನಗೇ ಅವಳ ಮೇಲೆ ಏನೂ ಇಲ್ಲ. ದಿನಾ ಬೆಳಿಗ್ಗೆ ಎದ್ದು ನಟಿಸ್ತೀನಿ. ಅವಳು ಖುಷಿಗೆ ಅಳ್ತಾಳೆ ವರ್ನಾ, ಮೊಟ್ಟೆ ಕರೀತಾ ಅಳ್ತಾಳೆ. ಹೇಗೆ ಹೇಳ್ಲಿ? ಈ ಪಿಕ್ಚರ್ ಒಂದು ಮುಗೀಲಿ. ಆಮೇಲೆ ಹೇಳ್ತೀನಿ."

ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಮತ್ತೆ ನೋಡಿದೆ.

ಪೈ ಇನ್ನೂ ಅರ್ಧ ಉಳಿದಿದೆ.

ಆಗಸ್ಟ್ 2

ಚಿಕ್ಕ ಪ್ರದರ್ಶನದ ಕೋಣೆಯಲ್ಲಿ ಎಲ್ಲರೂ ಕೂತು ಆ ಟೇಕುಗಳನ್ನು ನೋಡಿದರು. ನಾಲ್ಕನೆಯದು ಮುಗಿದಾಗ ಗ್ಯಾರಿಟಿ ಚುಟ್ಟಾ ಬಾಯಿಂದ ತೆಗೆದು, "ಯಾರಯ್ಯ ಈ ಹುಡುಗ? ಪ್ರೀತಿ ಅಂದ್ರೆ ಇದು ನೋಡ್ರಿ. ಆ ಕಣ್ಣು ನೋಡ್ರಿ" ಎಂದ. "ಇದನ್ನೇ ಹಾಕ್ಬೇಕು. ಪೂರ್ತಿ. ಒಂದು ಫ್ರೇಮೂ ಕತ್ತರಿಸೋ ಹಾಗಿಲ್ಲ."

ಟೈಪಿಸ್ಟ್ ಹುಡುಗಿ ನನ್ನ ಭುಜ ಹಿಡಿದು, "ಇಂಥ ಗಂಡ ಸಿಗೋದಕ್ಕೆ ಏನು ವ್ರತ ಮಾಡಿದ್ಯೇ?" ಎಂದಳು.

ಲೈಲ್ ಹೊರಗೆ ಓಣಿಯಲ್ಲಿ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದ. "ಕ್ಲೋಸಪ್ ಉಳೀತು ಕೊರಿ! ಉಳೀತು!" ಅವನ ಕೊರಳಿಗೆ ಕೈ ಹಾಕಿದ್ದೆ. ಅವನು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. "ತುಂಬಾ ಚೆನ್ನಾಗಿದೆ" ಎಂದೆ. ಸುಳ್ಳೇನಲ್ಲ.

ಆಗಸ್ಟ್ 9

ಊಟದ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಬಿಳಿ ಕೈಗವಸು ತೆಗೆದಿಟ್ಟು, ತಲೆಪಿನ್ನಿನ ತುದಿಯಿಂದ ನಾಲ್ಕನೆಯ ಟೇಕಿನ ಮೇಲೆ ಗೀರಿದೆ. ಬಾಯಿ ಇರುವ ಜಾಗದಲ್ಲಿ, ಮೊದಲಿನಿಂದ ಕೊನೆಯವರೆಗೆ.

ಮಿಸೆಸ್ ಕ್ರೌಸ್ ಬಂದು ಅದನ್ನು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ನನ್ನ ತಲೆ ನೋಡಿದರು, ಒಂದು ಕಡೆಯ ಕೂದಲು ಬಿಚ್ಚಿತ್ತು.

"ಜಗಳವಾ?"

"ಇಲ್ಲ."

"ವರ್ನಾ ಜೊತೆ ಏನಾದ್ರೂ ಇದೆಯಾ ಅವನಿಗೆ?"

"ಇಲ್ಲ. ಅವನಿಗೆ ಯಾರ ಜೊತೆಯೂ ಏನೂ ಇಲ್ಲ" ಎಂದೆ.

"ಹುಚ್ಚುಹುಡುಗಿ. ನೆಗೆಟಿವ್ ಲ್ಯಾಬಿನಲ್ಲಿ ಭದ್ರವಾಗಿದೆ. ಇದು ಬರೀ ಪ್ರಿಂಟು. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಎರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮಿಸೆಸ್ ಕ್ರೌಸ್ ಲ್ಯಾಬಿಗೆ ಫೋನ್ ಮಾಡಿ, ಪ್ರಿಂಟು ಯಂತ್ರದ ಹಲ್ಲಿಗೆ ಸಿಕ್ಕಿ ಹಾಳಾಯಿತು, ಇನ್ನೊಂದು ಕಳಿಸಿ ಎಂದರು. ಸಂಜೆಗೆ ಬಂತು. ಕೈಗವಸು ಹಾಕಿಕೊಂಡು ಅಂಟಿಸಿದೆ. ಜೋಡಣೆ ಗೊತ್ತೇ ಆಗುವುದಿಲ್ಲ, ಅಷ್ಟು ನಯವಾಗಿ ಕೂತಿದೆ.

ಸೆಪ್ಟೆಂಬರ್ 16

ಚಿತ್ರದ ಮುಖ್ಯ ನಾಯಕಿಗೆ ಕಾಲು ಉಳುಕಿದೆ. ಎರಡು ವಾರ ಶೂಟಿಂಗ್ ಇಲ್ಲ. ಎಲ್ಲರೂ ಅಯ್ಯೋ ಎಂದರು. ನಾನು ಮನೆಗೆ ಬರುತ್ತ ದಾರಿಯಲ್ಲಿ ಹೂ ಕೊಂಡು ತಂದೆ.

ಚಿತ್ರ ಮುಗಿಯುವವರೆಗೆ ನಾನು ಮಿಸೆಸ್ ಹೋಬರ್ಟ್.

ಸೆಪ್ಟೆಂಬರ್ 28

ರಾತ್ರಿ ಬೆನ್ನಿಗೆ ಸುದ್ದಿ ಹೇಳುವುದನ್ನು ನಿಲ್ಲಿಸಿದ್ದೇನೆ. ಬೆಳಿಗ್ಗೆ ಅವನಿಗಿಂತ ಮುಂಚೆ ಎದ್ದು ಮೊಟ್ಟೆ ಮುಗಿಸಿಟ್ಟಿರುತ್ತೇನೆ. ಅವನಿಗೆ ನಟಿಸುವ ಕೆಲಸ ಸ್ವಲ್ಪ ಕಡಿಮೆಯಾಗಲಿ.

"ಯಾಕೆ ಕೊರಿ, ಮಾತೇ ಇಲ್ಲ? ಹುಷಾರಿಲ್ವಾ?" ಎಂದು ಕೇಳಿದ.

"ಇಲ್ಲಪ್ಪ, ಚೆನ್ನಾಗಿದ್ದೀನಿ."

"ರೇಡಿಯೊ ಕೆಟ್ಟುಹೋದ ಹಾಗಿದೆ ಮನೆ" ಎಂದ, ನಗುತ್ತ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು.

ಭಾನುವಾರ ಒಬ್ಬಳೇ ಬಸ್ಸು ಹತ್ತಿ ಅಮ್ಮನಲ್ಲಿಗೆ ಹೋದೆ. ಇಬ್ಬರೂ ಬಟಾಣಿ ಸುಲಿದೆವು. ಕೈಗೆ ಕೆಲಸವಿದ್ದರೆ ನಮ್ಮ ಭಾಷೆಯಲ್ಲಿ ಮಾತಾಡಲು ಆಗುವುದಿಲ್ಲ. ಮಾತಾಡಲಿಲ್ಲ. ಚೆನ್ನಾಗಿತ್ತು.

ನವೆಂಬರ್ 22

ಶೂಟಿಂಗ್ ಮುಗಿದ ಮೇಲೆ ಬಂದ ಮೊದಲ ಹಬ್ಬ. ಅಮ್ಮನಿಗೆ ನೆಗಡಿಯೆಂದು ನಾವಿಬ್ಬರೇ ಮನೆಯಲ್ಲಿ ಇದ್ದೆವು. ಟರ್ಕಿ ಕೋಳಿ ನಡುವೆ ಹಸಿಯಾಗಿತ್ತು.

ಲೈಲ್ ಫೋರ್ಕ್ ಕೆಳಗಿಟ್ಟು, "ಕೊರಿ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು" ಎಂದ.

"ಕಾಫಿಗೆ ನೀರಿಟ್ಟಿದ್ದೆ, ತಡಿ" ಎಂದು ಎದ್ದು ಒಲೆಯ ಕಡೆ ಮುಖ ಮಾಡಿ ನಿಂತೆ. ನೀರು ಇಟ್ಟಿರಲಿಲ್ಲ. ಬೆನ್ನ ಹಿಂದೆ ಅವನು, "ಬಿಡು, ಇನ್ನೊಂದು ದಿನ" ಎಂದ.

ಈ ವಾರ ಇದು ಎರಡನೆಯ ಸಲ. ಮೊದಲನೆಯ ಸಲ ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟಿದ್ದೆ. ಅವನ ಮುಖ ನೋಡದೆ ಮಾತಾಡುವುದು ರೂಢಿಯಾಗಿದೆ. ಅಂಗಿಯ ಗುಂಡಿ ನೋಡಿ ಮಾತಾಡುತ್ತೇನೆ.

ಡಿಸೆಂಬರ್ 12

ಶುಕ್ರವಾರ ಪ್ರೇಕ್ಷಕರ ಮುಂದೆ ಚಿತ್ರದ ಪರೀಕ್ಷೆ. ಇಂಥದ್ದನ್ನು ಹಾಲಿವುಡ್‌ನಲ್ಲಿ ಮಾಡುವುದಿಲ್ಲ, ಯಾವುದಾದರೂ ಹೊರಗಿನ ಊರಿನಲ್ಲಿ ಮಾಡುತ್ತಾರೆ. ಈ ಸಲ ಪೊಮೋನಾ. ಅಮ್ಮನ ಮನೆಯಿಂದ ನಡೆದು ಹೋಗುವಷ್ಟು ದೂರ.

ಸುದ್ದಿ ಆಗಲೇ ತಿಳಿದಿದ್ದ ಅಮ್ಮನಿಗೆ ಬರುವುದು ಬೇಡವೆನ್ನಲು ಇವತ್ತು ಹೋಗಿದ್ದೆ. ಚಳಿ, ಜನ ಜಾಸ್ತಿ, ಹಾಡೇ ತುಂಬಿದ ಚಿತ್ರ, ನಿನಗೆ ಬೇಸರವಾಗುತ್ತದೆ, ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲೇ ಕೈಯಲ್ಲಿ ಅಭ್ಯಾಸ ಮಾಡಿಕೊಂಡೆ. ಎದುರು ಕೂತ ಹೆಂಗಸು ಮಗುವನ್ನು ಹತ್ತಿರ ಎಳೆದುಕೊಂಡಳು.

ಅಮ್ಮ ಬಾಗಿಲು ತೆಗೆದಳು. ತಲೆಯ ಮೇಲೆ ನೀಲಿ ಟೋಪಿ, ಇನ್ನೂ ಬೆಲೆಯ ಚೀಟಿ ನೇತಾಡುತ್ತಿತ್ತು. "ಹೇಗಿದೆ?" ಎಂದು ಕೈಯಲ್ಲಿ ಕೇಳಿದಳು. "ಹಿಂದೆ ಕೂತವರಿಗೆ ಅಡ್ಡ ಬರುತ್ತದೆಯೇ?"

ಬರುವುದಿಲ್ಲ ಎಂದೆ. ಚೀಟಿ ಕಿತ್ತುಕೊಟ್ಟೆ.

ಡಿಸೆಂಬರ್ 15, ಪೊಮೋನಾ

ನಿನ್ನೆಯದು.

ಲೈಲ್ ಮುಂದಿನ ಸಾಲಿನಲ್ಲಿ ವರ್ನಾ ಮತ್ತಿತರರ ಜೊತೆ ಇದ್ದ. ನಾನೂ ಅಮ್ಮನೂ ನಡುವಿನಲ್ಲಿ. ಹಾಡು ಬಂದಾಗ ಅಮ್ಮ ಅಂಗೈಯನ್ನು ಕುರ್ಚಿಯ ತೋಳಿನ ಮೇಲಿಟ್ಟು ತಾಳ ಹಿಡಿಯುತ್ತಿದ್ದಳು. ತೆರೆಯ ಮೇಲಿನವರು ಮರದ ನೆಲದ ಮೇಲೆ ಕುಣಿದಾಗ ಅದರ ಅದುರು ಅವಳ ಕೈಗೆ ಬರುತ್ತಿತ್ತಂತೆ. ಹಳೆಯ ಕಾಲದ ನಟರು ಬಚ್ಚಿಟ್ಟ ಮೈಕ್ ಎಲ್ಲಿದೆಯೆಂದು ಹುಡುಕುತ್ತ ಹೂಕುಂಡಕ್ಕೆ ಪ್ರೀತಿ ಹೇಳುವ ಜಾಗದಲ್ಲಿ ಅಮ್ಮ ನಕ್ಕಳು. ಅದೇ ಅವಳ ನಗು. ಹಿಂದಿನವರು, ಮುಂದಿನವರು ತಿರುಗಿ ನೋಡಿದರು. ನೋಡಲಿ ಎಂದು ನಾನೂ ಅಷ್ಟೇ ಗಟ್ಟಿಯಾಗಿ ನಕ್ಕೆ.

ಆಮೇಲೆ ಮರುಭೂಮಿ ಬಂತು. ಬಣ್ಣ ಹೋಗಿ ಕಪ್ಪು ಬಿಳುಪಾಯಿತು. ಡೇರೆ, ಮುಂಡಾಸು, ಮೊದಲು ಜನ ನಕ್ಕರು. ಕ್ಲೋಸಪ್ ಬಂದಾಗ ನಗು ನಿಂತಿತು. ಪಕ್ಕದ ಸಾಲಿನ ಹೆಂಗಸು ನಿಟ್ಟುಸಿರುಬಿಟ್ಟಳು. ನಾನು ತೆರೆ ನೋಡಲಿಲ್ಲ, ಅಮ್ಮನನ್ನು ನೋಡುತ್ತಿದ್ದೆ. ಅವಳ ತುಟಿಯೂ ಅವನ ಜೊತೆ ಸಣ್ಣಗೆ ಆಡುತ್ತಿತ್ತು, ಓದುವಾಗ ಅವಳಿಗೆ ಹಾಗಾಗುತ್ತದೆ. ಮೊಟ್ಟೆಯ ಮಾತಿಗೆ ಬಂದಾಗ ತುಟಿ ನಿಂತಿತು.

ಅವಳು ನನ್ನ ಕಡೆ ತಿರುಗಲಿಲ್ಲ. ತಾಳ ಹಿಡಿದಿದ್ದ ಕೈಯನ್ನು ತೆಗೆದು ನನ್ನ ಮಡಿಲಲ್ಲಿ ಇಟ್ಟಳು. ಚಿತ್ರ ಮುಗಿಯುವವರೆಗೂ ತೆಗೆಯಲಿಲ್ಲ.

ಹೊರಗೆ ದೀಪಗಳ ಕೆಳಗೆ ಎಲ್ಲರೂ ಲೈಲ್‌ನ ಸುತ್ತ ಸೇರಿದ್ದರು. ನಮ್ಮನ್ನು ಕಂಡು ಜನರನ್ನು ಸರಿಸಿಕೊಂಡು ಬಂದ. ಕೆನ್ನೆ ಕೆಂಪಾಗಿತ್ತು. "ಅಮ್ಮಾ! ಹೇಗಿತ್ತು? ಹೇಗಿತ್ತು ನನ್ನ ಪಾತ್ರ?"

ಅಮ್ಮ ಟೋಪಿ ಸರಿಮಾಡಿಕೊಂಡಳು. ನನಗೆ ಕೈಯಲ್ಲಿ, "ಅವನಿಗೆ ಹೇಳು. ಸ್ಪಷ್ಟವಾಗಿ ಮಾತಾಡಿದ್ದಾನೆ. ಒಂದು ಮಾತೂ ತಪ್ಪದೆ ಎಲ್ಲ ನನಗೆ ತಿಳಿಯಿತು" ಎಂದಳು.

"ಏನಂತಾರೆ, ಏನಂತಾರೆ?" ಎಂದ ಲೈಲ್.

ಬೇರೆ ಏನಾದರೂ ಹೇಳಬಹುದಿತ್ತು. ಚಿಕ್ಕಂದಿನಿಂದ ಹಾಗೆ ಮಾಡಿದ್ದೇನೆ, ಅಂಗಡಿಯವರು ಅಂದದ್ದನ್ನು ಅಮ್ಮನಿಗೂ, ಅಮ್ಮ ಅಂದದ್ದನ್ನು ಅವರಿಗೂ ಮೆತ್ತಗೆ ಮಾಡಿ ಹೇಳಿದ್ದೇನೆ. ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನೀನು ಸ್ಪಷ್ಟವಾಗಿ ಮಾತಾಡಿದೀಯಂತೆ. ಒಂದು ಮಾತೂ ತಪ್ಪದೆ ಅಮ್ಮನಿಗೆ ಎಲ್ಲಾ ತಿಳೀತಂತೆ."

"ಅಯ್ಯೋ ಅಮ್ಮಾ, ಅಲ್ಲಿ ಮಾತೇ ಇರಲಿಲ್ವಲ್ಲ, ಅದು ಮೂಕಿ..." ನಗುತ್ತ ಶುರು ಮಾಡಿದವನು ನಿಂತ. ಅಮ್ಮನನ್ನು ನೋಡಿದ. ಕೆನ್ನೆಯ ಬಣ್ಣ ಇಳಿಯುವುದನ್ನು ನೋಡುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಅವನ ಮುಖ ನೇರವಾಗಿ ನೋಡುತ್ತಿದ್ದೆ.

ಅವನು ನನ್ನ ಕಡೆ ತಿರುಗಿ, ದನಿಯೇ ಇಲ್ಲದೆ, ತುಟಿ ಮಾತ್ರ ಆಡಿಸಿ ಕೇಳಿದ. "ನಿನಗೂ ಬರುತ್ತಾ?"

"ಹೂಂ" ಎಂದೆ.

"ಯಾವಾಗ ನೋಡಿದೆ?"

"ಮಾರನೇ ದಿನವೇ. ಅಂಟಿಸಿದ್ದು ನಾನೇ."

ವರ್ನಾ ಹಿಂದಿನಿಂದ, "ಏನಯ್ಯ ರಾಜಕುಮಾರ, ಒಂಟೆ ಕಾಯ್ತಾ ಇದೆ, ಬರ್ತೀಯೋ ಇಲ್ವೋ?" ಎಂದು ಕೂಗಿದಳು. ಹತ್ತಿರ ಬಂದು ನಮ್ಮ ಮುಖ ನೋಡಿ ಹಾಗೇ ಹಿಂದಕ್ಕೆ ಸರಿದಳು.

"ಅದನ್ನ ತೆಗೆದುಹಾಕಿ ಅಂತ ಹೇಳೋಕಾಗ್ಲಿಲ್ವಾ ನಿನಗೆ?" ಎಂದ ಲೈಲ್. ಅವನ ಕಣ್ಣಲ್ಲಿ ನೀರಿತ್ತು, ಈ ಸಲ ನಿಜವಾದದ್ದು. "ಇಷ್ಟು ದಿನ ಹೇಗೆ ಇಟ್ಕೊಂಡೆ ಕೊರಿ?"

"ನಿನಗೆ ಅದು ಮೊದಲ ಕ್ಲೋಸಪ್ಪು" ಎಂದೆ. "ನೀನು ಪಿಕ್ಚರ್ ಮುಗೀಲಿ ಅಂದಿದ್ದೆ. ಮುಗೀತು. ಈಗ ಹೇಳು."

ಅವನು ಹೇಳಿದ. ಅದೇ ಮಾತುಗಳಲ್ಲ, ಅದಕ್ಕಿಂತ ಕಡಿಮೆ. ದನಿಯಿದ್ದದ್ದರಿಂದ ಹೆಚ್ಚು ಹೊತ್ತು ಬೇಕಾಯಿತು. ಅಮ್ಮ ಆಚೆ ತಿರುಗಿ ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತ ನಿಂತಿದ್ದಳು, ನಮಗೆ ಕಿವಿ ಕೊಡಬಾರದೆಂದು.

ಡಿಸೆಂಬರ್ 20

ಲೈಲ್ ನನ್ನ ಬಟ್ಟೆಗಳ ಪೆಟ್ಟಿಗೆ ತಂದುಕೊಟ್ಟ. ಎಲ್ಲವನ್ನೂ ಇಸ್ತ್ರಿ ಮಾಡಿ ಮಡಚಿಟ್ಟಿದ್ದ. ಬಾಗಿಲಲ್ಲಿ ನಿಂತು ಅಮ್ಮನಿಗೆ ಏನೋ ಸನ್ನೆ ಮಾಡಿದ, ಯಾರ ಹತ್ತಿರ ಕಲಿತನೋ. "ಕ್ಷಮಿಸಿ" ಎನ್ನಲು ಹೋಗಿ "ಸಾಬೂನು" ಎಂದಂತಿತ್ತು. ಅಮ್ಮ ತಲೆಯಾಡಿಸಿದಳು. ಅವನ ಕಾರು ತಿರುವು ದಾಟುವವರೆಗೆ ಕಿಟಕಿಯಲ್ಲಿ ನಿಂತಿದ್ದೆ.

ಏಪ್ರಿಲ್ 6, 1952

ಚಿತ್ರ ಊರಿಗೆ ಬಂದಿದೆ. ಟಿಕೆಟ್ಟಿನ ಸಾಲು ಬೀದಿ ತಿರುಗಿ ಹೋಗಿದೆ ಎಂದು ಪಕ್ಕದ ಮನೆಯವರು ಹೇಳಿದರು. ಅಮ್ಮ ಪಾತ್ರೆ ಒರೆಸುವುದನ್ನು ಬಿಟ್ಟು ನನ್ನ ಎದುರು ಬಂದು ನಿಂತಳು.

"ಇನ್ನೊಂದು ಸಲ ಹೋಗೋಣವೇ? ಉಳಿದದ್ದೆಲ್ಲ ಎಷ್ಟು ಚೆನ್ನಾಗಿದೆ. ಆ ಒಂದು ಜಾಗ ಬಂದಾಗ ಇಬ್ಬರೂ ಕಣ್ಣು ಮುಚ್ಚಿಕೊಳ್ಳೋಣ. ಆಗ ನಮಗೇನೂ ಕೇಳಿಸುವುದಿಲ್ಲ."

ಹೋಗೋಣ, ಆದರೆ ನಾನು ಮುಚ್ಚಿಕೊಳ್ಳುವುದಿಲ್ಲ ಎಂದೆ.

ಯಾಕೆ ಎಂದು ಕೇಳಿದಳು.

ಅಷ್ಟು ಹೊತ್ತು ಅವನು ನನ್ನ ವಿಷಯವೇ ಮಾತಾಡುತ್ತಾನಮ್ಮ ಎಂದೆ.